ಗಾಲಿ ಮ್ಯಾಲಿನ ಮನಿ, ಕಂತಿನ ಕೆಳಗಿನ ಮನಷ್ಯಾ

ಇಳಕಲ್ಲಿನಲ್ಲಿ ಸಾಲ ಮಾಡದೆ ಬದುಕಿದವರು ಕಡಿಮೆ. ಮಗ್ಗಕ್ಕೆ ಸಾಲ, ಮದುವೆಗೆ ಸಾಲ, ಬೋರ್‌ವೆಲ್ಲಿಗೆ ಸಾಲ, ಆ ಬೋರಿನಲ್ಲಿ ನೀರು ಬೀಳಲಿಲ್ಲವೆಂದು ಪಕ್ಕದಲ್ಲೇ ಇನ್ನೊಂದು ಕೊರೆಸಲು ಮತ್ತೆ ಸಾಲ. ಆದರೆ ಸಾಲ ತೆಗೆದು ಮನೆಗೆ ಗಾಲಿ ಹಚ್ಚಿಸುತ್ತೇನೆ ಅಂದವನು ನನಗೆ ತಿಳಿದಮಟ್ಟಿಗೆ ಈ ಊರಿನಲ್ಲಿ ಒಬ್ಬನೇ, ನನ್ನ ಅಳಿಯ. ಅಕ್ಕನ ಮಗ. ಗ್ರಾನೈಟ್ ಆಫೀಸೊಂದರಲ್ಲಿ ಲೆಕ್ಕ ಬರೆಯುತ್ತಾನೆ. ನಮ್ಮೂರಿನ ಕೆಂಪು ಕಲ್ಲು ಹಡಗು ಹತ್ತಿ ಪರದೇಶಕ್ಕೆ ಹೋಗುವುದನ್ನು ದಿನಾ ಬಿಲ್ಲಿನಲ್ಲಿ ಕಂಡು ಕಂಡು, ಕಲ್ಲೇ ಇಷ್ಟು ತಿರುಗುವಾಗ ನಾನು ಮಾತ್ರ ಕುರ್ಚಿಯಲ್ಲಿ ಕುಂತೇ ಸವೆಯಬೇಕೇನು ಅನ್ನುವ ವಿಚಾರ ಅವನ ತಲೆ ಹೊಕ್ಕಿದೆ.

ಹೊಗಿಸಿದ್ದು ಮೊಬೈಲು. ಯಾವುದೋ ದೇಶದ ಗಂಡ ಹೆಂಡತಿ ಒಂದು ವ್ಯಾನಿನಲ್ಲಿ ಮಲಗಿ ಏಳುತ್ತಾರೆ. ಬಾಗಿಲು ತೆಗೆದರೆ ಹಿಮದ ಗುಡ್ಡ, ಒಲೆಯ ಮೇಲೆ ಕಾಫಿ, ಕಾಲ ಬಳಿ ನಾಯಿ. ಆ ನಾಯಿಯೂ ಸ್ನಾನ ಮಾಡಿ ಕೂತಂತೆ ಕಾಣುತ್ತದೆ. ನಮ್ಮ ಮಠದ ಡಾ. ಮಹಾಂತ ಸ್ವಾಮೀಜಿಯವರು 1975ರಿಂದ ಜೋಳಿಗೆ ಹಿಡಿದು ಊರೂರು ಅಲೆದು, ಜನರ ಬೀಡಿ, ಸೆರೆ, ಗುಟಕಾ ಚಟಗಳನ್ನು ಭಿಕ್ಷೆ ಬೇಡಿದರು. ಆ ಮಹಾಂತ ಜೋಳಿಗೆಯ ಕಾಲದಲ್ಲಿ ಇಂಥ ವಿಡಿಯೊಗಳಿರಲಿಲ್ಲ. ಇದ್ದಿದ್ದರೆ ನಮ್ಮಕ್ಕ ಮೊದಲು ಮಗನ ಫೋನನ್ನೇ ಅದರೊಳಗೆ ಹಾಕಿ ಕೈ ಮುಗಿದು ಬರುತ್ತಿದ್ದಳು.

"ಮಾಮಾ, ಇವ್ರೂ ನಮ್ಮಂಗ ಸಾದಾ ಮಂದೀನ. ಇದ್ದ ಮನಿ ಮಾರಿ ಗಾಡಿ ತಗೊಂಡಾರ."

"ಮಾರಾಕ ಮನಿ ಅವರ ಹೆಸರಿಲೆ ಇತ್ತೋ ತಮ್ಮಾ. ನಿಂದು ಇನ್ನೂ ನಿಮ್ಮ ಮುತ್ಯಾನ ಹೆಸರಿಲೆ ಐತಿ. ಹಕ್ಕದಾರ್ರು ಹನ್ನೊಂದು ಮಂದಿ, ಅದರಾಗ ನಾಕು ಮಂದಿ ಒಬ್ಬರಿಗೊಬ್ಬರು ಮಾತಾಡಂಗಿಲ್ಲ."

ಅಲ್ಲಿಗೆ ಮನೆ ಮಾರುವ ದಾರಿ ಮುಚ್ಚಿತು. ಉಳಿದದ್ದು ಕಂತಿನ ದಾರಿ. ಒಳಗೆ ಹಾಸಿಗೆ, ಒಲೆ, ಫ್ರಿಜ್ಜು, ಪಾಯಖಾನೆ ಇರುವ ಗಾಡಿಗೆ ಇಪ್ಪತ್ತೈದು ಲಕ್ಷ ಅಂತ ಅವನೇ ಹಿಡಿದ. ಪೂರ್ತಿ ಸಾಲ, ನೂರಕ್ಕೆ ಹತ್ತೂವರೆ ಬಡ್ಡಿ, ಏಳು ವರ್ಷ. ಲೆಕ್ಕ ಬರೆಯುವ ಹುಡುಗನಲ್ಲವೇ, ಕ್ಯಾಲ್ಕುಲೇಟರ್ ಒತ್ತಿ ತಾನೇ ಸುಮ್ಮನಾದ. ತಿಂಗಳಿಗೆ ಸುಮಾರು 42 ಸಾವಿರ. ಏಳು ವರ್ಷ ತುಂಬುವಷ್ಟರಲ್ಲಿ 35 ಲಕ್ಷ ದಾಟುತ್ತದೆ. ಅವನ ಪಗಾರ ಎಷ್ಟೆಂದು ನಾನು ಇಲ್ಲಿ ಬರೆಯುವುದಿಲ್ಲ, ಹೆಣ್ಣು ನೋಡುತ್ತಿದ್ದೇವೆ. ಆ ಕಂತಿನ ಪಕ್ಕ ನಿಲ್ಲಿಸಿದರೆ ಪಗಾರಕ್ಕೆ ನಾಚಿಕೆ ಬರುವಂತಿತ್ತು ಅಂದರೆ ಸಾಕು.

ಆದರೂ ಅವನು ಸೋಲಲಿಲ್ಲ. ಅರ್ಧ ಬ್ಯಾಂಕಿನದು, ಕಾಲು ಪತ್ತಿನ ಸಂಘದ್ದು, ಒಂದಷ್ಟು ಚೀಟಿ ಎತ್ತಿದ್ದು, ಕಡಿಮೆ ಬಿದ್ದದ್ದಕ್ಕೆ ಅವ್ವನ ಸ್ತ್ರೀಶಕ್ತಿ ಸಂಘ. ಸೀರೆಯ ಮೈಗೆ ಸೆರಗನ್ನು ಕೊಂಡಿ ಹಾಕಿ ಕೂಡಿಸುವ ಊರಿನ ಹುಡುಗನಿಗೆ ಸಾಲಕ್ಕೆ ಸಾಲ ಕೂಡಿಸುವುದು ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಈ ಸೀಮೆಯ ಗಾಳಿಯಲ್ಲೇ ಅದು ಇದೆ. ಸಿದ್ಧನಗೌಡ ಪಾಟೀಲರು 1905ರಲ್ಲಿ ಕಣಗಿನಹಾಳದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ಇಲ್ಲೇ ಪಕ್ಕದ ಗದಗಿನ ಕಡೆ. ರೈತ ಸಾವಕಾರನ ಬಡ್ಡಿಗೆ ಸಿಕ್ಕು ಹೊಲ ಕಳಕೊಳ್ಳಬಾರದು ಅನ್ನುವುದು ಅವರ ಸಂಕಟವಾಗಿತ್ತು. ನೂರಿಪ್ಪತ್ತು ವರ್ಷದ ಮೇಲೆ ಒಬ್ಬ ಗುಮಾಸ್ತ ಅದೇ ಸಹಕಾರ ತತ್ವವನ್ನು ಹಿಡಕೊಂಡು ಹಿಮದ ಗುಡ್ಡದೆದುರು ಕಾಫಿ ಕುಡಿಯಲು ಹೊರಡುತ್ತಾನೆಂದು ಗೌಡರು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ.

ಅಕ್ಕನಿಗೆ ಸಾಲದ ಮಾತು ಅಷ್ಟು ಕಾಡಲಿಲ್ಲ. ಅವಳನ್ನು ಕಾಡಿದ್ದು ನಕ್ಷೆ. ಮಗ ಗಾಡಿಯ ಒಳಗಿನ ಚಿತ್ರ ತೋರಿಸಿ, ಇದು ಅಡುಗೆಮನೆ, ಇದು ಹಾಸಿಗೆ, ಈ ಬಾಗಿಲ ಹಿಂದೆ ಪಾಯಖಾನೆ ಎಂದು ಬೆರಳಿಟ್ಟು ವಿವರಿಸಿದ.

"ರೊಟ್ಟಿ ಬಡಿಯೋ ಜಾಗಾಕ ಹತ್ತೇನೋ ಇದು?"

"ನಡುವ ಬಾಗಲಾ ಐತೆವ್ವಾ."

"ಬಾಗಲಾ ಇದ್ರ? ಅದರಾಗಿಂದು ಎಲ್ಲಿ ಹೋಗತೈತಿ?"

"ಕೆಳಗ ಟಾಕಿ ಇರತೈತಿ. ತುಂಬಿದ ಮ್ಯಾಲ ನಾವ ಖಾಲಿ ಮಾಡಬೇಕು."

ಅಕ್ಕ ಸ್ವಲ್ಪ ಹೊತ್ತು ಮಗನ ಮುಖವನ್ನೇ ನೋಡಿದಳು. "ಇಪ್ಪತ್ತೈದು ಲಕ್ಷ ಕೊಟ್ಟು ಅದನ್ನ ಹೊತ್ತಗೊಂಡು ತಿರಗತೀಯೇನು?" ಅಂದು ಎದ್ದು ಹೋದಳು. ಇಷ್ಟು ಚುಟುಕಾದ ವಿಮರ್ಶೆಯನ್ನು ನಾನು ಯಾವ ವಾಹನ ಪತ್ರಿಕೆಯಲ್ಲೂ ಓದಿಲ್ಲ.

ಎರಡನೆಯ ಉಪಾಯ ಸ್ವದೇಶಿ. ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಅಗ್ಗಕ್ಕೆ ತಂದು, ಸೀಟು ಕಿತ್ತೆಸೆದು, ವೆಲ್ಡಿಂಗ್ ಅಂಗಡಿಯಲ್ಲಿ ಮಂಚ ಕೂಡಿಸಿ, ಬಡಿಗರ ಕಡೆಯಿಂದ ಪ್ಲೈವುಡ್ ಕಪಾಟು ಹೊಡೆಸಿಬಿಡುವುದು. ಇಳಕಲ್ಲಿನ ವೆಲ್ಡಿಂಗ್ ಅಂಗಡಿಯವರು ಇಲ್ಲ ಅನ್ನುವ ಜಾತಿಯವರಲ್ಲ. ವಿಮಾನ ತಂದು ನಿಲ್ಲಿಸಿದರೂ ಹಿಂದೆ ಒಂದು ಹುಕ್ಕು ಬೆಸೆದು ಕೊಡುತ್ತಾರೆ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಂತ ಒಂದಿದೆ. ಕಂಪನಿ ಹೇಗೆ ಮಾಡಿ ಕೊಟ್ಟು ನೋಂದಣಿ ಆಗಿದೆಯೋ ಆ ಮೂಲ ವಿವರ ಬದಲಾಗುವಂತೆ ಗಾಡಿಯನ್ನು ತಿದ್ದಬಾರದು ಅನ್ನುತ್ತದೆ ಅದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಗಿಯಾಗಿಯೇ ಎತ್ತಿ ಹಿಡಿಯಿತು. ಮನೆಗಾಡಿಗೆ ಸರಕಾರ ಬೇರೆಯೇ ಮಾನದಂಡ ಬರೆದಿದೆ, ಅದರ ಪ್ರಕಾರ ಪರೀಕ್ಷೆ ಮುಗಿದ ಗಾಡಿಗೆ ಮಾತ್ರ ಆ ಹೆಸರಿನ ನೋಂದಣಿ. ಅಂದರೆ ಕೆಎ 29 ಹಲಗೆ ಹಾಕಿಕೊಂಡು, ಒಳಗೆ ಬಡಿಗರು ಹೊಡೆದ ಮಂಚದ ಮೇಲೆ ಮಲಗಿ ಗೋವಾಕ್ಕೆ ಹೊರಟರೆ, ಮೊದಲ ತಪಾಸಣೆಯಲ್ಲೇ ಮಂಚದ ಸಮೇತ ಎಬ್ಬಿಸಿಯಾರು. ಅಪಘಾತವಾದರೆ ವಿಮೆಯವರು ಮಂಚವನ್ನೇ ಮುಂದೆ ಮಾಡಿ ಕೈ ಆಡಿಸಿಯಾರು. ಇದು ಕಾಯ್ದೆಯ ಕಿರಿಕಿರಿ ಅಂತ ಅಳಿಯ ಗೊಣಗಿದ. ಓಡುವ ಗಾಡಿಯೊಳಗೆ ಗ್ಯಾಸ್ ಸಿಲಿಂಡರನ್ನು ಯಾರೋ ಒಬ್ಬರು ಕಣ್ಣಂದಾಜಿನಲ್ಲಿ ಕಟ್ಟುವುದಕ್ಕಿಂತ ಈ ಕಿರಿಕಿರಿಯೇ ವಾಸಿ ಅಂತ ನನಗೆ ಅನಿಸುತ್ತದೆ.

ಇಷ್ಟಾದ ಮೇಲೆ ಅವನಿಗೆ ಸ್ವಲ್ಪ ಇತಿಹಾಸ ಹೇಳಬೇಕು ಅನಿಸಿತು. ಸೋತು ಕುಂತ ಮನುಷ್ಯನಿಗೆ ಇತಿಹಾಸ ಹೇಳಿದಷ್ಟು ಸುಖ ಬೇರೆ ಯಾವುದೂ ಇಲ್ಲ, ಹೇಳುವವನಿಗೆ.

ಸಂತೋಷಕ್ಕೆಂದೇ ಮನೆಗಾಡಿ ಮಾಡಿಸಿಕೊಂಡು ತಿರುಗಿದವರಲ್ಲಿ ಮೊದಲಿಗ ಅಂತ ಹೆಸರಾದವನು ವಿಲಿಯಂ ಗಾರ್ಡನ್ ಸ್ಟೇಬಲ್ಸ್, ಸ್ಕಾಟ್ಲೆಂಡಿನವನು. ನೌಕಾದಳದಲ್ಲಿ ಡಾಕ್ಟರ್ ಆಗಿದ್ದು ಹೊರಬಂದವನು. ಹುಡುಗರಿಗೆ ಸಾಹಸದ ಕಥೆ ಬರೆದು ದುಡಿಯುತ್ತಿದ್ದ. 1885ರಲ್ಲಿ ಬ್ರಿಸ್ಟಲ್ಲಿನಲ್ಲಿ 'ವಾಂಡರರ್' ಅನ್ನುವ ಗಾಡಿ ಕಟ್ಟಿಸಿದ. ಸುಮಾರು ಎರಡು ಟನ್ ತೂಕ, ಎಳೆಯಲು ಎರಡು ಕುದುರೆ. ಜೊತೆಗೆ ಒಬ್ಬ ಸಾರಥಿ, ಒಬ್ಬ ಆಳು, ಒಂದು ನಾಯಿ, ಒಂದು ಗಿಳಿ. ಆ ಆಳಿನ ಕೆಲಸ ಕೇಳಿದರೆ ಅಳಿಯನಿಗೂ ನಗು ಬಂತು. ಮೂರು ಗಾಲಿಯ ಸೈಕಲ್ಲು ತುಳಿಯುತ್ತ ಗಾಡಿಯ ಮುಂದೆ ಮುಂದೆ ಹೋಗಿ, ಹಿಂದೆ ದೊಡ್ಡದೊಂದು ಬರಲಿದೆ, ಸರಿಯಿರಿ ಎಂದು ಎದುರಿನವರಿಗೆ ಹೇಳುವುದು. ಸಾದಾ ಜೀವನ ಮಾಡಲು ಹೊರಟವನಿಗೆ ಇಷ್ಟು ಮಂದಿ ಬೇಕಾಯಿತು.

"ಎರಡು ಪ್ರಾಣಿ ಎಳೀತಿದ್ವು ಅಂದ್ರ ಚಕ್ಕಡೀನ ಅಲ್ಲೇನ ಮಾಮಾ?"

ಸರಿಯಾದ ಜಾಗಕ್ಕೆ ಬಂದ. ಡಾಕ್ಟರ್ ಸ್ಟೇಬಲ್ಸ್ ಅಲ್ಲಿ ಬಡಗಿಗಳಿಗೆ ಮುಂಗಡ ಕೊಡುವ ಹೊತ್ತಿಗೆ ಇಲ್ಲಿ ನಮ್ಮ ಹಿರಿಯರು ಕೊಲ್ಹಾರಿ ಬಂಡಿ ಹೂಡಿ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದು, ಮುಂದಿನ ಹುಣ್ಣಿಮೆಗೆ ಮತ್ತೆ ಹೊರಡುತ್ತಿದ್ದರು. ಹೊಲಕ್ಕೆ ಗೊಬ್ಬರ ಹೊರುವ ಅದೇ ಚಕ್ಕಡಿಯನ್ನು ತೊಳೆದು, ಬಿದಿರು ಬಗ್ಗಿಸಿ ಮೇಲೆ ಕಮಾನು ಕಟ್ಟಿ, ಚಾಪೆಯನ್ನೋ ತಾಡಪತ್ರಿಯನ್ನೋ ಹೊದಿಸಿದರೆ ಮನೆ ತಯಾರು. ಎತ್ತಿನ ಕೊರಳಿಗೆ ಗೆಜ್ಜೆಸರ, ಬೆನ್ನ ಮೇಲೆ ಜೂಲು. ರಾತ್ರಿಗೆ ಅಚ್ಚಿನ ಕೆಳಗೆ ತೂಗುವ ಕಂದೀಲು.

ಆ ಬಂಡಿಯ ಹಾಸಿಗೆಯ ಬಗ್ಗೆ ನಮ್ಮ ಆಯಿ ಹೇಳುತ್ತಿದ್ದುದು ನನಗೆ ಇವತ್ತಿಗೂ ಪರಮ ಆಶ್ಚರ್ಯ. ಬಂಡಿಯ ತಳಕ್ಕೆ ಮೊಳದೆತ್ತರ ಜೋಳದ ಕಣಕಿ ಹರಡುವುದು. ಅದರ ಮೇಲೆ ಹಳೆಯ ಇಳಕಲ್ ಸೀರೆಗಳನ್ನು ಕೂಡಿಸಿ ಹೊಲಿದ ಕೌದಿ. ಮಕ್ಕಳು ಮುದುಕರು ಅದರ ಮೇಲೆ. ದಾರಿಯಲ್ಲಿ ಹೊತ್ತು ಮುಳುಗಿದಲ್ಲಿ ಬಂಡಿ ಬಿಟ್ಟು, ಹಾಸಿಗೆಯಿಂದಲೇ ಒಂದಷ್ಟು ಕಣಕಿ ಎಳೆದು ಎತ್ತುಗಳ ಮುಂದೆ ಹಾಕುವುದು. ಹೋಗುವಾಗ ಹಾಸಿಗೆ ಮೆತ್ತಗೆ, ದಿನದಿನಕ್ಕೆ ತೆಳ್ಳಗೆ, ಬರುವಾಗ ಹಲಗೆಯ ಮೂಳೆ ಬೆನ್ನಿಗೆ ಹತ್ತುತ್ತಿತ್ತಂತೆ. ಇಂಧನವನ್ನೇ ಹಾಸಿಕೊಂಡು ಮಲಗುವ ಗಾಡಿಯನ್ನು ಜರ್ಮನಿಯವರೂ ಇನ್ನೂ ತಯಾರಿಸಿಲ್ಲ.

ಅಡುಗೆಮನೆಯೂ ಇತ್ತು. ಅಂದರೆ ಅಡುಗೆಮನೆ ಬೇಡವಾಗುವ ವ್ಯವಸ್ಥೆ ಇತ್ತು. ಕಟಿಯಾದ ಸಜ್ಜಿ ರೊಟ್ಟಿ ಎಂಟು ದಿನ ಕೆಡುವುದಿಲ್ಲ. ಗುರೆಳ್ಳಿನ ಹಿಂಡಿ, ಶೇಂಗಾ ಹಿಂಡಿ ಅದಕ್ಕಿಂತ ಹೆಚ್ಚು ಬಾಳುತ್ತವೆ. ಮಾದಲಿಯ ಬುಟ್ಟಿಯೊಂದು ಇದ್ದರೆ ಹಾಲು ಸಿಕ್ಕಲ್ಲಿ ಹಬ್ಬ. ಗುಡ್ಡ ಮುಟ್ಟಿದ ಮೇಲೆ ಮೂರು ಕಲ್ಲಿನ ಒಲೆ ಹೂಡಿ ಹೋಳಿಗೆ, ಕಡಬು ಮಾಡಿ ಪಡ್ಲಿಗಿ ತುಂಬುವುದು. ಫ್ರಿಜ್ಜಿಗೆ ಕೆಲಸವೇ ಇಲ್ಲದ ಅಡುಗೆ ನಮ್ಮದು. ಆ ವಿಡಿಯೊದ ದಂಪತಿಗೆ ಕಡಕ್ ರೊಟ್ಟಿ ಗೊತ್ತಿದ್ದರೆ ಬ್ಯಾಟರಿ, ಸೋಲಾರು ಎಂದು ಅಷ್ಟೆಲ್ಲ ಖರ್ಚಿಗೆ ಬೀಳುತ್ತಿರಲಿಲ್ಲ.

ಇಲ್ಲೇ ನಾನು ಅಳಿಯನ ತಲೆಗೆ ಒಂದು ವಿಚಾರ ಹೊಡೆದು ಕೂಡಿಸಲು ನೋಡಿದೆ. ಬಡವರು ಗಾಡಿಮನೆಯನ್ನು ಹೇಗೆ ನಿಭಾಯಿಸಿದರು ಅಂದರೆ, ಕೊಳ್ಳಲೇ ಇಲ್ಲ. ಚಕ್ಕಡಿ ಹೊಲದ್ದು, ಎತ್ತು ಹೊಲದ್ದು, ಕಣಕಿ ಹೊಲದ್ದು. ವರ್ಷದ ಮುನ್ನೂರೈವತ್ತು ದಿನ ಅವು ಹೊಟ್ಟೆಗೆ ದುಡಿದವು, ಉಳಿದ ಹದಿನೈದು ದಿನ ಮೈಗೆ ಗೆಜ್ಜೆ ಕಟ್ಟಿಕೊಂಡು ಮನೆಯಾದವು. ಜಾತ್ರೆಯಿಂದ ಬಂದ ಮರುದಿನ ಕಮಾನು ಬಿಚ್ಚಿ ಅಟ್ಟಕ್ಕೆ, ಚಕ್ಕಡಿ ಮತ್ತೆ ತಿಪ್ಪೆಗೆ. ಬರೀ ತಿರುಗಾಡಲಿಕ್ಕೇ ಇರುವ ಗಾಡಿ ಅನ್ನುವುದು ಉಳ್ಳವರ ವಿಚಾರ. ಕಂತಿನ ತಾರೀಖು ಮಾತ್ರ ಜಾತ್ರೆ, ಸುಗ್ಗಿ ಅಂತ ನೋಡುವುದಿಲ್ಲ.

"ಈಗ ಎತ್ತ ಎಲ್ಲಿ ಅದಾವ ಮಾಮಾ, ಎಲ್ಲಾ ಟ್ರ್ಯಾಕ್ಟರ್."

ಹೌದು. ಟ್ರ್ಯಾಕ್ಟರ್ ಬಂದ ಮೇಲೆ ಡಬ್ಬಿಗೆ ಕಮಾನು ಬಂತು. ಡಬ್ಬಿಯ ನಡುವಿಗೆ ಹಲಗೆ ಜೋಡಿಸಿ ಎರಡಂತಸ್ತು ಮಾಡುವ ಜಾಣರೂ ಇದ್ದಾರೆ: ಕೆಳಗೆ ಪಾತ್ರೆ, ಹಿಟ್ಟು, ಉರುವಲು, ಮೇಲೆ ಇಡೀ ಓಣಿ. ಡೀಸೆಲ್ಲಿಗೆ ಮನೆಮನೆಗೆ ಪಟ್ಟಿ. ಈ ಲೆಕ್ಕದಲ್ಲಿ ತಲೆಗೆ ಬೀಳುವ ಖರ್ಚನ್ನು ಹೇಳಿದರೆ ಯಾವ ಪ್ರವಾಸ ಕಂಪನಿಯೂ ಬಾಗಿಲು ಹಾಕಬೇಕು. ಆದರೆ ಇದರ ಗುಣಗಾನ ಇಲ್ಲಿಗೆ ಸಾಕು. ಮಂದಿ ತುಂಬಿದ ಟ್ರೇಲರು ತಿರುವಿನಲ್ಲಿ ಮಗುಚಿದ ಸುದ್ದಿ ಜಾತ್ರೆಯ ದಿನಗಳಲ್ಲಿ ಪತ್ರಿಕೆ ತೆರೆದರೆ ಸಿಗುತ್ತದೆ. ಕಬ್ಬು ಹೊರಲು ಮಾಡಿದ ಡಬ್ಬಿಗೆ ಕೂಸು ಹೊರುವ ಹೊಣೆ ಗೊತ್ತಿಲ್ಲ, ಕಾಯ್ದೆಯೂ ಅದನ್ನು ಒಪ್ಪುವುದಿಲ್ಲ.

ಶ್ರೀಶೈಲಕ್ಕೆ ಹೋಗುವವರು ಇನ್ನೂ ಮುಂದೆ ಹೋಗಿದ್ದಾರೆ. ಯುಗಾದಿಗೆ ಮುಂಚೆ ನಮ್ಮ ರಸ್ತೆ ನೋಡಬೇಕು. ಬಾಗಲಕೋಟೆ, ಬೆಳಗಾವಿ ಕಡೆಯಿಂದ ಹಗಲು ರಾತ್ರಿ ಮಂದಿ ನಡೆಯುತ್ತಾರೆ, ಮರಗಾಲು ಕಟ್ಟಿಕೊಂಡು ನಡೆಯುವ ಶೂರರೂ ಇದ್ದಾರೆ. ಹಾಸಿಗೆ, ಅಕ್ಕಿ, ಔಷಧ ಹೊತ್ತ ಟೆಂಪೊ ಅವರ ಹಿಂದೆ. ಗಾಡಿಯಲ್ಲಿ ಸಾಮಾನು, ರಸ್ತೆಯಲ್ಲಿ ಯಜಮಾನ! ದಾರಿಯ ಊರುಗಳವರು ಪೆಂಡಾಲು ಹಾಕಿ, ಕೈ ಹಿಡಿದು ಎಳೆದು ಕೂಡಿಸಿ ಉಣ್ಣಿಸುತ್ತಾರೆ. ಅಕ್ಕಿಯ ಚೀಲದ ಬಾಯಿ ಬಿಚ್ಚದೆ ಮನೆಗೆ ತಿರುಗಿ ಬಂದದ್ದೂ ಉಂಟು.

ಪರದೇಶದ ಆ ಗಾಡಿಗೆ ಒಲೆ ಯಾಕೆ ಬೇಕು ಅಂದರೆ ಅಲ್ಲಿ ದಾರಿಯಲ್ಲಿ ಯಾರೂ ಬಾ ಉಣ್ಣು ಅನ್ನುವುದಿಲ್ಲ. ನಮಗೆ ಕೂಡಲಸಂಗಮದಲ್ಲಿ ದಾಸೋಹ, ಧರ್ಮಸ್ಥಳದಲ್ಲಿ ಅನ್ನಛತ್ರ, ಮಠಗಳಲ್ಲಿ ಮಲಗಲು ಪಡಸಾಲೆ. ಸಾವಿರ ವರ್ಷದಿಂದ ಮಂದಿ ತಿರುಗಿ ತಿರುಗಿ ಈ ದಾರಿಗಳಲ್ಲಿ ಅಡುಗೆಮನೆ, ಮಲಗುವ ಮನೆ ಎಲ್ಲವನ್ನೂ ಕಟ್ಟಿಟ್ಟು ಹೋಗಿದ್ದಾರೆ. ಗಾಲಿ ಒಂದು ಸಿಕ್ಕರೆ ಮನೆ ಪೂರ್ತಿ. ಆ ಗಾಲಿಯನ್ನೂ 2023ರ ಜೂನ್ 11ರಿಂದ ಸರಕಾರ ಹೆಂಗಸರಿಗೆ ಪುಕ್ಕಟೆ ಮಾಡಿದೆ. ಶಕ್ತಿ ಯೋಜನೆ ಬಂದಂದಿನಿಂದ ನಮ್ಮಕ್ಕನ ಮೋಟಾರು ಮನೆ ಇಳಕಲ್ ಡಿಪೊದಲ್ಲಿ ನಿಂತಿರುತ್ತದೆ. ಕಂತಿಲ್ಲ, ಟಾಕಿ ತೊಳೆಯುವುದಿಲ್ಲ, ಡ್ರೈವರ್ ಕಂಡಕ್ಟರ್ ಪಗಾರ ಸಮೇತ. ಅವ್ವನ ಕೈಯಲ್ಲಿ ಆಧಾರ್ ಕಾರ್ಡು, ಮಗನ ಕೈಯಲ್ಲಿ ಕ್ಯಾಲ್ಕುಲೇಟರು. ನಾಡು ತಿರುಗಿದವರು ಯಾರು ಅಂತ ಬೇರೆ ಹೇಳಬೇಕೇ?

ಬನಶಂಕರಿ ಜಾತ್ರೆಯದು ಇನ್ನೊಂದು ಸೊಗಸು. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ಆ ಜಾತ್ರೆ ಒಂದು ತಿಂಗಳು ಜಗ್ಗುತ್ತದೆ. ಬಾಗಿಲು ಚೌಕಟ್ಟು ಕೊಳ್ಳಲು ಬಂದವರು, ಎತ್ತು ಕೊಳ್ಳಲು ಬಂದವರು, ಏನೂ ಕೊಳ್ಳದೆ ಬೆಲೆ ಕೇಳಲಷ್ಟೇ ಬಂದವರು. ಇಷ್ಟು ಮಂದಿಗೆ ಬಾದಾಮಿಯಲ್ಲಿ ಲಾಡ್ಜೆಲ್ಲಿದೆ? ಅದಕ್ಕೆ ನಾಟಕ ಕಂಪನಿಗಳಿವೆ. ಬೆಳತನಕ ಆಟ, ಒಂದು ಮುಗಿದರೆ ಇನ್ನೊಂದು. ಟಿಕೆಟ್ ತೆಗೆದವನಿಗೆ ಕುರ್ಚಿ, ಮೇಲೆ ತಗಡಿನ ಸೂರು, ಚಳಿಗೆ ಅಕ್ಕಪಕ್ಕದವರ ಬಿಸಿ. ನಿದ್ದೆ ಬಂದರೆ ನಿದ್ದೆ, ಎಚ್ಚರಾದರೆ ಹಾಸ್ಯ. ಲಾಡ್ಜಿನ ಬಾಡಿಗೆಗೆ ಹಾಡು ಕುಣಿತ ಕೂಡಿಸಿ ಕೊಡುವ ಊರು ನನಗೆ ಬೇರೆ ಗೊತ್ತಿಲ್ಲ.

ಆ ಕಂಪನಿಯವರದ್ದೇ ನಿಜವಾದ ಗಾಡಿಮನೆ. ನಮ್ಮ ಪಕ್ಕದ ಕಂದಗಲ್ಲಿನ ಹನುಮಂತರಾಯರು 'ರಕ್ತರಾತ್ರಿ'ಯಂಥ ನಾಟಕ ಬರೆದು ಕರ್ನಾಟಕದ ಶೇಕ್ಸ್‌ಪಿಯರ್ ಅನ್ನಿಸಿಕೊಂಡರು. ಆ ನಾಟಕಗಳನ್ನು ಊರೂರಿಗೆ ಮುಟ್ಟಿಸಿದ್ದು ಪರದೆ, ಪೆಟ್ಟಿಗೆ, ಕಿರೀಟ, ಕೈಕೂಸು ಎಲ್ಲವನ್ನೂ ಒಂದೇ ಗಾಡಿಗೆ ಹೇರಿಕೊಂಡು ಕ್ಯಾಂಪಿನಿಂದ ಕ್ಯಾಂಪಿಗೆ ಸಾಗಿದ ಸಂಸಾರಗಳು. ಒಂದು ಊರಿನಲ್ಲಿ ಹುಟ್ಟಿ, ಇನ್ನೊಂದರಲ್ಲಿ ಜವಳ ತೆಗೆಸಿ, ಮತ್ತೊಂದರಲ್ಲಿ ಮೂರನೇ ಇಯತ್ತೆ ಓದಿದ ಮಕ್ಕಳು ಅಲ್ಲಿ ಎಷ್ಟೋ.

ಆದರೂ ಜಮಾಖರ್ಚಿನ ದೃಷ್ಟಿಯಿಂದ ಎಲ್ಲರನ್ನೂ ಮೀರಿಸಿದವರು ಕುರುಬರು. ಸುಗ್ಗಿ ಮುಗಿದ ಹೊಲಗಳ ದಾರಿ ಹಿಡಿದು ಹಿಂಡು ಹೊರಟಿತೆಂದರೆ ಅದರ ಹಿಂದೆ ಒಂದು ಕುದುರೆ. ಕುದುರೆಯ ಮೇಲೆ ಕಂಬಳಿ, ಹಿಟ್ಟು, ಪಾತ್ರೆ, ನಡೆಯಲಾರದ ಹಸಿ ಮರಿಗಳು, ಒಮ್ಮೊಮ್ಮೆ ಆ ಮರಿಗಳ ನಡುವೆ ಒಂದು ಕೂಸು. ರಾತ್ರಿ ಯಾರದೋ ಹೊಲದಲ್ಲಿ ಕುರಿ ತರುಬುತ್ತಾರೆ. ಹೊಲದ ಮಾಲಕ ಬಾಡಿಗೆ ಕೇಳುವ ಬದಲು ತಾನೇ ಕಾಳೋ ದುಡ್ಡೋ ಕೊಟ್ಟು ಕರೆದು ನಿಲ್ಲಿಸಿಕೊಳ್ಳುತ್ತಾನೆ, ಯಾಕೆಂದರೆ ಬೆಳಗಾಗುವಷ್ಟರಲ್ಲಿ ಹೊಲಕ್ಕೆ ಹಿಕ್ಕೆ ಗೊಬ್ಬರ ಬಿದ್ದಿರುತ್ತದೆ. ಅಕ್ಕ ಹೇಸಿಕೊಂಡ ಆ ಟಾಕಿಯ ಸಮಸ್ಯೆಯನ್ನು ಕುರುಬರು ಉತ್ಪನ್ನವನ್ನಾಗಿ ಮಾಡಿಕೊಂಡುಬಿಟ್ಟಿದ್ದಾರೆ! ನಿಂತದ್ದಕ್ಕೆ ದುಡ್ಡು ಕೊಡುವ ಮನೆಗಾಡಿ ಲೋಕದಲ್ಲಿ ಇದೊಂದೇ ಇರಬೇಕು. ಇದನ್ನು ಕೇಳಿ ಅಳಿಯ ಗಂಭೀರವಾಗಿ "ಕುರಿ ಒಂದಕ್ಕ ಈಗ ಎಷ್ಟು ಮಾಮಾ?" ಅಂದ. ಹುಡುಗ ಕೈ ಬಿಟ್ಟುಹೋಗುವ ಹಂತಕ್ಕೆ ಬಂದಿದ್ದ. ಮಾತು ತಿರುಗಿಸಿದೆ.

ಅವನ ಆಫೀಸಿನ ಅಂಗಳದಲ್ಲೇ ನಿಲ್ಲುತ್ತವಲ್ಲ, ಆ ಕಲ್ಲಿನ ಲಾರಿಗಳು. ಒಳಗೆ ಇಣುಕಿ ನೋಡು ಅಂದೆ. ಸೀಟಿನ ಹಿಂದೆ ಹಾಸಿಗೆ, ಕಾಲಡಿ ಸ್ಟೋವು, ಬದಿಗೆ ನೀರಿನ ಕ್ಯಾನು, ಗಾಜಿನ ಮುಂದೆ ಹೂ ಹಾಕಿದ ದೇವರು, ಹಗ್ಗದ ಮೇಲೆ ಒಣಗುವ ಲುಂಗಿ. ವರ್ಷದ ಮುಕ್ಕಾಲು ಭಾಗ ಅದರೊಳಗೇ ಉಂಡು ಮಲಗುವ ಡ್ರೈವರನನ್ನು ಕೇಳಿದರೆ ಗಾಡಿಮನೆಯ ವಿಡಿಯೊ ತೆಗೆಯುವ ಹುರುಪು ಅವನಿಗಿಲ್ಲ. ಮನೆಗೆ ಹೋಗಿ ನೆಲದ ಮೇಲೆ ಕಾಲು ಚಾಚಿ ಮಲಗುವುದೇ ಅವನ ಪ್ರವಾಸ. ಹುನಗುಂದ, ಬಾದಾಮಿ, ಇಳಕಲ್ ಕಡೆಯಿಂದ ಮಂಗಳೂರು, ಗೋವಾ ಬಸ್ಸು ಹತ್ತುವವರದ್ದೂ ಹಾಗೆಯೇ. ಮಳೆ ಕೈಕೊಟ್ಟ ವರ್ಷ ರೊಟ್ಟಿಯ ಗಂಟು, ಕೌದಿ, ಮಕ್ಕಳ ಸಮೇತ ಗುಳೆ ಹೊರಟು, ಕಟ್ಟಡ ಏಳುವ ಜಾಗದಲ್ಲೇ ತಗಡಿನ ಶೆಡ್ಡಿನಲ್ಲಿ ಇದ್ದು, ಆ ಕಟ್ಟಡ ಮುಗಿದ ದಿನ ಶೆಡ್ಡು ಬಿಚ್ಚಿಕೊಂಡು ಮುಂದಿನದಕ್ಕೆ. ಚಲಿಸುವ ಮನೆಯ ಬಗ್ಗೆ ಕನಸು ಕಾಣಲು ಮೊದಲು ನಿಂತ ಮನೆಯೊಂದು ಬೇಕಾಗುತ್ತದೆ ಅಂತ ಅವರು ಯಾರೂ ನನಗೆ ಹೇಳಲಿಲ್ಲ. ಅವರಿಗೆ ಪುರುಸೊತ್ತಿರಲಿಲ್ಲ.

ನಮ್ಮ ಜಿಲ್ಲೆಯ ಮಟ್ಟಿಗೆ ಮನೆ ಕಿತ್ತು ಹೊರಡುವುದು ಬಡವರಿಗಷ್ಟೇ ಸೀಮಿತವಲ್ಲ ಅನ್ನಿ. ಆಲಮಟ್ಟಿಯ ಹಿನ್ನೀರು ಏರಿ ಬಾಗಲಕೋಟೆಯ ಎಷ್ಟೋ ಓಣಿಗಳು ಮುಳುಗಿ, ಊರು ಮೇಲಕ್ಕೆ ಹೋಗಿ ನವನಗರವಾಗಿ ಕೂತಿತು. ಜಿಲ್ಲಾ ಕೇಂದ್ರವೇ ಗಂಟುಮೂಟೆ ಕಟ್ಟಿದ ಜಿಲ್ಲೆ ಇದು. 519.60 ಮೀಟರಿನ ನೀರನ್ನು 524.256ಕ್ಕೆ ಏರಿಸುವ ಮಾತು ಇನ್ನೂ ನಡೆದೇ ಇದೆ. ಆ ದಂಡೆಯ ಹಳ್ಳಿಯವನೊಬ್ಬನಿಗೆ ಗಾಲಿ ಇರುವ ಮನೆ ಬೇಕೇನಪ್ಪ ಅಂದರೆ ತಮಾಷೆ ಅಂದುಕೊಳ್ಳುವುದಿಲ್ಲ, ಎಷ್ಟು ಪರಿಹಾರ ಅಂತ ಕೇಳುತ್ತಾನೆ.

ಉಳ್ಳವರಿಗೆ ಬೇಕಾದಷ್ಟು ದಾರಿ. 2008ರಲ್ಲಿ ಶುರುವಾದ ಸುವರ್ಣ ರಥ ರೈಲಿನಲ್ಲಿ ಮಲಗಿ ಎದ್ದು ಬಾದಾಮಿ, ಪಟ್ಟದಕಲ್ಲು ನೋಡಬಹುದು, ಟಿಕೆಟ್ಟಿನ ಬೆಲೆ ಕೇಳಿದರೆ ಮಲಗಿದವನೂ ಏಳುತ್ತಾನೆ. ಇಳಕಲ್ಲಿಗಂತೂ ರೈಲೇ ಬಂದಿಲ್ಲ, ಆಸೆಗೂ ದಾರಿಯಿಲ್ಲ. ಕೇರಳದವರು 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ಮಾಡಿದರು. ಬೆಂಗಳೂರಿನಲ್ಲಿ ಇಂಥ ಗಾಡಿಗಳು ದಿನದ ಬಾಡಿಗೆಗೂ ಸಿಗುತ್ತವೆ. ನಿಜ ಹೇಳಬೇಕೆಂದರೆ ಸಾದಾ ಮನುಷ್ಯನಿಗೆ ಇದೇ ಬುದ್ಧಿವಂತಿಕೆ. ವರ್ಷಕ್ಕೊಮ್ಮೆ ನಾಲ್ಕು ಮಂದಿ ಪಟ್ಟಿ ಹಾಕಿ ಎರಡು ದಿನಕ್ಕೆ ತಂದು, ಫೋಟೊ ತೆಗೆಸಿಕೊಂಡು, ಟಾಕಿ ಸಮೇತ ಒಡೆಯನಿಗೆ ಒಪ್ಪಿಸಿ ಬರುವುದು. ಅಳಿಯನಿಗೆ ಇದು ರುಚಿಸಲಿಲ್ಲ. "ಬಾಡಿಗಿ ಮನ್ಯಾಗ ಹುಟ್ಟಿ ಬಾಡಿಗಿ ಗಾಡ್ಯಾಗ ತಿರಗಬೇಕನು?" ಅಂದ. ಮಾತು ಸುಳ್ಳು, ಅವನು ಹುಟ್ಟಿದ್ದು ಸರಕಾರಿ ದವಾಖಾನೆಯಲ್ಲಿ. ಆದರೆ ಹೇಳಿದ ಧಾಟಿ ಚೆನ್ನಾಗಿತ್ತು.

ಕಡೆಗೆ ಅವನು ಹಿಡಿದ ದಾರಿ ನಾನು ಹೇಳಿದ್ದಲ್ಲ, ಹೇಳಿದ್ದಕ್ಕೆ ತೀರ ಉಲ್ಟಾನೂ ಅಲ್ಲ. ಪತ್ತಿನ ಸಂಘದ ಸಾಲದಲ್ಲಿ ಹಳೆಯದೊಂದು ಸಾಮಾನು ಹೊರುವ ಪಿಕಪ್ ತಂದಿದ್ದಾನೆ. ಓಡಿಸಲು ಪಕ್ಕದ ಓಣಿಯ ಹುಡುಗನೊಬ್ಬ. ಜಾತ್ರೆ, ಸಂತೆಗಳಿಗೆ ಸೀರೆಯ ಗಂಟು ಒಯ್ಯುವವರು ಬಾಡಿಗೆಗೆ ಹೇಳುತ್ತಾರೆ, ಕಂತು ಹೇಗೋ ಸಾಗಿದೆ. ಬಾಡಿಗೆ ಇಲ್ಲದ ಶನಿವಾರ ಸಂಜೆ ಅಳಿಯ ಅದನ್ನು ಊರ ಹೊರಗೆ ನಿಲ್ಲಿಸಿ, ಹಿಂದೆ ಚಾಪೆ ಹಾಸಿ, ಥರ್ಮಾಸಿನ ಚಹಾ ಕುಡಿದು, ಕಾಲ ಬಳಿ ಬೀದಿನಾಯಿ ಬಂದು ಕೂತರೆ ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕುತ್ತಾನೆ. ಗುಡ್ಡವೇ. ಹಿಮ ಇಲ್ಲ, ಅಷ್ಟೇ.

ಬರುವ ಬನದ ಹುಣ್ಣಿಮೆಗೆ ಮನೆಮಂದಿಯೆಲ್ಲ ಬನಶಂಕರಿಗೆ ಅಂತ ತೀರ್ಮಾನವಾಗಿದೆ. ಸಾಮಾನಿನ ಗಾಡಿಯಲ್ಲಿ ಮಂದಿ ಕೂಡಿಸಬಾರದು ಎಂದು ನಾನು ಹಟ ಹಿಡಿದೆ. ಹಾಗಾಗಿ ಕೌದಿ, ಪಾತ್ರೆ, ರೊಟ್ಟಿಯ ಬುಟ್ಟಿ, ತಾಡಪತ್ರಿ, ಬಿದಿರು ಎಲ್ಲ ಪಿಕಪ್ಪಿನಲ್ಲಿ. ಹೆಂಗಸರೆಲ್ಲ ಆಧಾರ್ ಕಾರ್ಡು ಹಿಡಿದು ಬಸ್ಸಿನಲ್ಲಿ, ಪುಕ್ಕಟೆ. ಕ್ಯಾಬಿನ್ನಿನಲ್ಲಿ ಡ್ರೈವರನ ಬಾಜು ಒಂದೇ ಜಾಗ, ಅದನ್ನು ಆಯಿ ಈಗಲೇ ಹಿಡಿದಿದ್ದಾಳೆ. ಬಸ್ಸಿನಾಗ ತನಗೆ ವಾಕರಿಕೆ ಬರತೈತಂತೆ. ಮಾಲಕನೂ ಸೇರಿ ಗಂಡಸರು ಉಳಿದೆವು.

"ಗಂಡಸರ ಟಿಕೀಟಿನ ರೊಕ್ಕಾ ಪಟ್ಟ್ಯಾಗ ಹಿಡೀಬೇಕಲಾ ಅಕ್ಕಾ?" ಅಂದೆ.

"ಯಾಕ? ಮಾಮಾ ಅಳಿಯಾ ಕೂಡಿ ಇಷ್ಟ ದಿನಾ ಲೆಕ್ಕಾ ಹಾಕೀರಿ, ಅದನ್ನೂ ಹಾಕ್ರಿ" ಅಂದಳು. ಪಟ್ಟಿಯ ಹಾಳೆ ಅವಳ ಕೈಯಲ್ಲಿದೆ, ಬರೆಯಲು ಪೆನ್ನು ಕೊಡುತ್ತಿಲ್ಲ.